ಅಡಗಿ ಮನ್ಯಾಗ ಚಿಟ್ಟಿ ಹಾರಾಡಾಕತ್ತಾವಂದ್ರ ಮೊದಲು ತಾಯಿ ಚೀಲ ಹುಡುಕ್ರಿ

ಸಂಜಿಮುಂದ ಲೈಟ್ ಹಾಕಿದ ಕೂಡ್ಲೇ ಅಡಗಿ ಮನ್ಯಾಗ ಬೂದಿ ಬಣ್ಣದ ಸಣ್ಣ ಚಿಟ್ಟಿ ಅತ್ತಾಗ ಇತ್ತಾಗ ಹಾರಾಡಾಕ ಶುರು ಮಾಡಿದ್ರ ಎಲ್ರೂ ಮಾಡೋದು ಒಂದ, ಕೈಗೆ ಸಿಕ್ಕ ಟವೆಲ್ ತಗೊಂಡು ಹೊಡಿಯೋದು. ಗಂಗಾವತ್ಯಾಗ ನಮ್ಮ ಮನ್ಯಾಗೂ ಹೋದ ಮಳಿಗಾಲ ಮುಗಿಯೋ ಹೊತ್ತಿಗೆ ಹಂಗ ಆಗಿತ್ತು, ಹದಿನೈದು ದಿನ ದಿನಾ ನಾಕೈದು ಹೊಡದ್ವಿ, ಮರುದಿನ ಮತ್ತ ಅಷ್ಟ ಬರ್ತಿದ್ವು. ಕಡೀಕ ನಮ್ಮತ್ತಿ ಅಂದ್ರು, "ಹಾರೋದ್ನ ಬಿಡವಾ, ತಾಯಿ ಚೀಲ ಎಲ್ಲೈತಿ ಅದನ್ನ ನೋಡು." ತಾಯಿ ಚೀಲ ಅಂದ್ರ ಹುಳ ಹುಟ್ಟಿ ಬೆಳಿಯೋ ಚೀಲ. ಅಟ್ಟದ ಮ್ಯಾಲ ಹಬ್ಬಕ್ಕಂತ ತಂದಿಟ್ಟು ಮರತ ಎರಡು ಕೆಜಿ ಶೇಂಗಾ ಇತ್ತು. ಎತ್ತಿ ಸುರುವಿದ್ರ ಕಾಳು ಕಾಳಾಗಿ ಬೀಳಲಿಲ್ರಿ, ನೂಲಿನ್ಯಾಗ ಪೋಣಿಸಿದಂಗ ಗೊಂಚಲು ಗೊಂಚಲಾಗಿ ಜೋತಾಡಾಕತ್ತು, ಒಳಗ ತೆಳ್ಳಗಿನ ಬಿಳೀ ಹುಳ.

ಇದು ಯಾಕ ಹೇಳಾಕತ್ತೀನಿ ಅಂದ್ರ, ಹಾರೋ ಚಿಟ್ಟಿ ನಿಮ್ಮ ಹಿಟ್ಟು ತಿನ್ನಂಗಿಲ್ಲ. ಅದು ಒಂದೆರಡು ವಾರ ಬದುಕತೈತಿ, ಅಷ್ಟರಾಗ ನೂರಾರು ತತ್ತಿ ಇಟ್ಟು ಸಾಯತೈತಿ. ತಿನ್ನೋದು ತತ್ತಿಯಿಂದ ಬರೋ ಹುಳ. ನಮ್ಮ ಕಡೆ ಶೆಕಿಗೆ ತತ್ತಿಯಿಂದ ಮತ್ತ ಚಿಟ್ಟಿ ಆಗಾಕ ಒಂದು ಒಂದೂವರಿ ತಿಂಗಳು ಸಾಕು, ಹಂಗಾಗಿ ಚೀಲ ಸಿಗೋ ತನಕ ನೀವು ಎಷ್ಟು ಹೊಡದ್ರೂ ಮುಗಿಯಂಗಿಲ್ಲ.

ನುಸಿ ಅಂತ ನಾವು ಅನ್ನೋದು ಬ್ಯಾರೆ, ಅದು ಅಕ್ಕಿ ಗೋದಿ ಒಳಗ ಓಡಾಡೋ ಕಂದು-ಕರೀ ಸಣ್ಣ ಹುಳ, ಅದು ನೂಲು ಬಿಡಂಗಿಲ್ಲ. ಹಿಟ್ಟು, ರವಾ, ಕಾಳು ಒಂದಕ್ಕೊಂದು ಅಂಟಿಕೊಂಡು ಜೇಡರ ಬಲಿ ಹಂಗ ಆಗಿತ್ತಂದ್ರ ಅದು ಚಿಟ್ಟಿ ಕೆಲಸನ ಅಂತ ತಿಳ್ಕೋರಿ.

ಹುಡುಕೋ ದಿನ ಬ್ಯಾರೆ ಕೆಲಸ ಇಟ್ಕೋಬ್ಯಾಡ್ರಿ, ಬೆಳಿಗ್ಗಿ ಶುರು ಮಾಡಿದ್ರ ಮಧ್ಯಾಹ್ನ ಆಗತೈತಿ. ಎಲ್ಲಾ ಡಬ್ಬಿ, ಎಲ್ಲಾ ಪ್ಯಾಕೆಟ್ ಕೆಳಗ ಇಳಸ್ರಿ, ಬಾಯಿ ಕಟ್ಟಿದ್ದು ಸೈತ ಬಿಚ್ಚಿ ನೋಡ್ರಿ, ಯಾಕಂದ್ರ ಈ ಹುಳ ತೆಳು ಪ್ಲಾಸ್ಟಿಕ್ ಕವರ್ ಕಡದು ತೂತು ಮಾಡತೈತಿ. ಶೇಂಗಾ, ಎಳ್ಳು, ಸಜ್ಜಿ, ಜೋಳದ ಹಿಟ್ಟು, ರವಾ, ಪುಟಾಣಿ, ಗೋಡಂಬಿ, ಒಣದ್ರಾಕ್ಷಿ ಇವು ಮೊದಲು. ಸಜ್ಜಿ ಅಂದ್ರ ಈ ಚಿಟ್ಟಿಗಳಾಗ ಒಂದು ಜಾತಿ ಆದ ಅಕ್ಕಿ ಚಿಟ್ಟಿಗೆ ಎಷ್ಟು ಇಷ್ಟ ಅಂದ್ರ, ಬೆಳಿ ಹುಳಕ್ಕ ಬಿಡೋ ಟ್ರೈಕೋಗ್ರಾಮ ಅನ್ನೋ ಮಿತ್ರ ಕೀಟ ಬೆಳಸೋ ಲ್ಯಾಬ್‌ನ್ಯಾಗ ತತ್ತಿಗಂತ ಈ ಚಿಟ್ಟಿನ್ನ ಸಾಕೋದ ಒಡದ ಸಜ್ಜಿ, ಜೋಳದ ಮ್ಯಾಲ. ಇನ್ನ ಒಣ ಮೆಣಸಿನಕಾಯಿಗೆ ಖಾರ ಐತಿ, ಹುಳ ಬರಂಗಿಲ್ಲ ಅಂತ ಬಿಡಬ್ಯಾಡ್ರಿ, ಅದರಾಗೂ ಬೀಳತೈತಿ, ಒಂದು ಕಾಯಿ ಮುರದು ಒಳಗ ನೋಡ್ರಿ. ದೇವರ ಮನ್ಯಾಗ ಇಟ್ಟ ಅಕ್ಕಿ, ಉಡಿ ತುಂಬಿದ ಅಕ್ಕಿ-ಕೊಬ್ಬರಿ, ಕೋಳಿಗೆ ಹಾಕೋ ನುಚ್ಚು, ಇವನ್ನ ಯಾರೂ ನೋಡಂಗಿಲ್ಲ, ಅಲ್ಲೇ ಇರತೈತಿ.

ಡಬ್ಬಿ ಇಳಸಿದ ಮ್ಯಾಲ ಕಪಾಟಿನ್ಯಾಗ ಹಾಸಿದ ಪೇಪರ್ ಐತಲ್ಲ, ಅದನ್ನ ನಿಧಾನಕ್ಕ ಎತ್ರಿ. ನಮ್ಮ ಮನ್ಯಾಗ ಪೇಪರ್ ಮೂಲಿ ಮಡಚಿದ್ದ ಜಾಗದಾಗ ಅಕ್ಕಿ ಕಾಳಿನಷ್ಟು ಉದ್ದದ ಬಿಳೀ ಗೂಡು, ಒಂದರ ಪಕ್ಕ ಒಂದು, ಎಣಿಸಿದ್ರ ಹನ್ನೊಂದು ಇದ್ವು, ಬೆರಳಲೆ ಒತ್ತಿದ್ರ ಒಳಗ ಕಂದು ಬಣ್ಣದ್ದು ಅಲ್ಲಾಡತಿತ್ತು. ಹುಳ ದೊಡ್ಡದಾದ ಮ್ಯಾಲ ಕಾಳು ಬಿಟ್ಟು ಗ್ವಾಡಿ ಹತ್ತಿ ಹೊಂಟು ಇಂಥಾ ಸಂದಿ ಹುಡುಕಿ ಗೂಡು ಕಟ್ಟತೈತಿ. ಗ್ವಾಡಿ ಮ್ಯಾಲ ಹುಳ ಹರಿದಾಡೋದು ಕಂಡಿದ್ದು ಅದಕ್ಕ. ಕ್ಯಾಲೆಂಡರ್ ಹಿಂದ, ಮೊಳಿ ಹೊಡದ ತೂತು, ಬಾಟ್ಲಿ ಮುಚ್ಚಳದ ತಿರುವಿನ ಒಳಗ, ಚಾವಣಿ ಮೂಲ್ಯಾಗ ಎಲ್ಲಾ ನೋಡಿ ಕಸಬರಗಿಲೆ ಕೆರದು ತಗೀರಿ. ವ್ಯಾಕ್ಯೂಮ್ ಇದ್ರ ಚಲೋ. ಆಮ್ಯಾಲ ಸೋಪಿನ ನೀರಿಲೆ ಒರಸಿ ಪೂರ್ತಿ ಒಣಗಿಸಿ, ಪೇಪರ್ ಮತ್ತ ಹಾಸಬ್ಯಾಡ್ರಿ. ಹಿಟ್ ಗಿಟ್ ಅಂತ ಸ್ಪ್ರೇ ಊಟದ ಸಾಮಾನು ಇಡೋ ಕಪಾಟಿಗೆ ಹೊಡಿಯೋದು ಬ್ಯಾಡನ ಬ್ಯಾಡ.

ನೂಲು ಹತ್ತಿದ ಹಿಟ್ಟು, ರವಾ ಚಲ್ರಿ, ಸಾಣಿಗಿ ಹಿಡದ್ರ ಹುಳ ಮ್ಯಾಲ ಉಳಿಯಬಹುದು ಆದ್ರ ಸಣ್ಣ ತತ್ತಿ, ಹಿಕ್ಕಿ ಕೆಳಗ ಬೀಳತಾವ. ಚೀಲದಾಗ ಕಟ್ಟಿ ಮನಿ ಹೊರಗ ಹಾಕ್ರಿ, ಅಡಗಿ ಮನಿ ಕಸದ ಬುಟ್ಟ್ಯಾಗ ಹಾಕಿದ್ರ ಚಿಟ್ಟಿ ಅಲ್ಲಿಂದನ ಏಳತಾವ. ಇಡೀ ಕಾಳು, ಜೋಳ, ತೊಗರಿ ಬೇಳಿ ಅಷ್ಟೊಂದು ಕೆಟ್ಟಿಲ್ಲಂದ್ರ ಮರದಾಗ ಕೇರಿ ಬಿಸಲಿಗೆ ಹಾಕ್ರಿ. ಬಿಸಲಿಗೆ ಹಾಕೋದ್ರಾಗ ಎಲ್ರೂ ತಪ್ಪು ಮಾಡೋದು ಗುಡ್ಡಿ ಹಾಕೋದು, ಮ್ಯಾಲ ಬಿಸಿ ಆಗತೈತಿ, ಹುಳ ಕೆಳಗಿನ ತಂಪಿಗೆ ಇಳದು ಆರಾಮ ಇರತೈತಿ. ಮಾಳಿಗಿ ಮ್ಯಾಲ ಕರೀ ತಾಡಪತ್ರಿ ಹಾಸಿ ಬೆರಳ ದಪ್ಪಕ್ಕಿಂತ ತೆಳ್ಳಗ ಹರವಿ, ಮ್ಯಾಲ ಪಾರದರ್ಶಕ ಪ್ಲಾಸ್ಟಿಕ್ ಹಾಳಿ ಹೊಚ್ಚಿ ಅಂಚಿಗೆ ಕಲ್ಲು ಇಟ್ಟು ಬೆಳಿಗ್ಗಿ ಹತ್ತರಿಂದ ನಾಕರ ತನಕ ಬಿಡ್ರಿ. ರಾಯಚೂರು ಬಳ್ಳಾರಿ ಕಡೆ ಬ್ಯಾಸಗ್ಯಾಗ ಗಾಳಿನ 40 ಡಿಗ್ರಿ ದಾಟತೈತಿ, ಹಾಳಿ ಕೆಳಗ 50 ದಾಟಿ ಮ್ಯಾಲ ಹೋಗತೈತಿ, ಅಷ್ಟು ಬಿಸಿ ಒಂದೆರಡು ತಾಸು ನಿಂತ್ರ ಹುಳ ತತ್ತಿ ಎರಡೂ ಸಾಯತಾವ. ಆರಿದ ಮ್ಯಾಲ ಡಬ್ಬಿಗೆ ತುಂಬ್ರಿ, ಬಿಸಿ ಇದ್ದಾಗ ತುಂಬಿದ್ರ ಒಳಗ ಬೆವತು ಬೂಸಲು ಹಿಡಿತೈತಿ.

ಅಕ್ಕಿ ಮಾತ್ರ ಹಂಗ ಕಾಸಬ್ಯಾಡ್ರಿ. ನಮ್ಮ ಸೋನಾ ಮಸೂರಿ ಬಿಸಲಿಗೆ ಬಿರುಕು ಬಿಟ್ಟು ಅನ್ನ ಮಾಡಿದಾಗ ನುಚ್ಚು ನುಚ್ಚಾಗತೈತಿ. ಕೇರಿ, ನೆರಳಾಗ ಹರವಿ ಆರಸಿ, ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಫ್ರೀಜರ್‌ನ್ಯಾಗ ಒಂದು ವಾರ ಇಡ್ರಿ, ಹೊರಗ ತಗದ ಮ್ಯಾಲ ತಂಪು ಪೂರ್ತಿ ಹೋಗೋ ತನಕ ಪ್ಯಾಕೆಟ್ ಬಿಚ್ಚಬ್ಯಾಡ್ರಿ, ಇಲ್ಲಂದ್ರ ತ್ಯಾವ ಹಿಡಿತೈತಿ. ರವಾ, ಗೋಡಂಬಿಗೂ ಇದ ಸರಿ, ನಾನೀಗ ಅಂಗಡಿಯಿಂದ ತಂದ ಕೂಡ್ಲೇ ಹಿಂಗ ಮಾಡ್ತೀನಿ.

ಇನ್ನೊಂದು ಮಾತು, ಇದನ್ನ ದಯವಿಟ್ಟು ಕೇಳ್ರಿ. ಪ್ಯಾಟ್ಯಾಗ ಒಬ್ರು ನನಗ "ಗೋದಾಮಿಗೆ ಇಡೋ ಗುಳಿಗಿ ಎರಡು ಕೊಡ್ತೀನಿ, ಅಕ್ಕಿ ಚೀಲದಾಗ ಇಡ್ರಿ" ಅಂದ್ರು. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳ್ಯಾಗಿನ ತ್ಯಾವ ತಾಕಿದ್ರ ಸಾಕು ಫಾಸ್ಫೀನ್ ಅನ್ನೋ ವಿಷದ ಗ್ಯಾಸ್ ಬಿಡತೈತಿ, ಅದಕ್ಕ ಪ್ರತಿ ಔಷಧನ ಇಲ್ಲ. ಮಲಗೋ ಮನ್ಯಾಗ, ಮಕ್ಕಳು ಇರೋ ಮನ್ಯಾಗ ಒಂದು ಗುಳಿಗಿ ಸೈತ ತರಬ್ಯಾಡ್ರಿ, ಯಾರರ ಕೊಟ್ರೂ ತಗೋಬ್ಯಾಡ್ರಿ. ಪಾದರಸದ ಗುಳಿಗಿನೂ ನಾನು ನಿಲ್ಲಿಸೀನಿ, ತಿನ್ನೋ ಕಾಳಿನ್ಯಾಗ ಪಾದರಸ ಯಾಕ ಬೇಕು. ಒಣಗಿದ ಬೇವಿನ ಎಲಿ ಹಾಕ್ರಿ, ತೊಗರಿ ಬೇಳಿಗೆ ಔಡಲ ಎಣ್ಣಿ ಸವರ್ರಿ, ಇವು ಹೊಸಾ ಹುಳ ಬರೋದನ್ನ ಒಂದಿಷ್ಟು ತಡೀತಾವ, ಒಳಗ ಇದ್ದ ಹುಳ ಕೊಲ್ಲಂಗಿಲ್ಲ.

ಸ್ಟೀಲ್ ಡಬ್ಬಿ ಮುಚ್ಚಳ ಸಡಲ ಇದ್ರ ಸಣ್ಣ ಹುಳ ಸಲೀಸಾಗಿ ಹೋಗತೈತಿ, ಒಳಗ ರಬ್ಬರ್ ರಿಂಗ್ ಇರೋ ಡಬ್ಬಿ ಒಂದೊಂದಾಗಿ ತಗೋರಿ, ಮೊದಲು ಹಿಟ್ಟು ಮತ್ತ ಶೇಂಗಾಕ್ಕ. ಗಿರಣಿಗೆ ಜೋಳ ಒಯ್ಯೋರು ಹದಿನೈದು ದಿನಕ್ಕ ಆಗೋವಷ್ಟ ಬೀಸಿಸ್ರಿ. ಹಳೇ ಹಿಟ್ಟಿನ ಮ್ಯಾಲ ಹೊಸಾದು ಸುರುವಬ್ಯಾಡ್ರಿ. 25 ಕೆಜಿ ಅಕ್ಕಿ ಚೀಲ ಗ್ವಾಡಿಗೆ ತಾಗದಂಗ ಹಲಗಿ ಮ್ಯಾಲ ಇಡ್ರಿ.

ಇಷ್ಟೆಲ್ಲಾ ಮಾಡಿದ ಮ್ಯಾಲೂ ಒಂದೆರಡು ವಾರ ಅಲ್ಲೊಂದು ಇಲ್ಲೊಂದು ಚಿಟ್ಟಿ ಕಾಣತಾವ, ಅವು ಉಳದ ಗೂಡಿನವು, ಗಾಬರಿ ಆಗಬ್ಯಾಡ್ರಿ. ಫೆರೋಮೋನ್ (ಹೆಣ್ಣು ಚಿಟ್ಟಿ ವಾಸನಿ) ಹಚ್ಚಿದ ಅಂಟಿನ ಬಲಿ ಆನ್‌ಲೈನ್ ಸಿಗತಾವ, ಅದಕ್ಕ ಗಂಡು ಚಿಟ್ಟಿ ಅಷ್ಟ ಬೀಳತಾವ, ಆದ್ರ ಕಡಿಮಿ ಆಗಾಕತ್ತಾವೋ ಇಲ್ಲೋ ಅಂತ ಗೊತ್ತಾಗಾಕ ಒಂದು ಇಟ್ಕೋರಿ. ಎರಡು ತಿಂಗಳು ವಾರಕ್ಕೊಮ್ಮೆ ನೋಡ್ರಿ. ನಲವತ್ತು ದಿನ ಆದ ಮ್ಯಾಲೂ ಸಂಜಿಗೆ ಎರಡ್ಮೂರು ಹಾರಾಡಿದ್ರ ಇನ್ನೊಂದು ಚೀಲ ಎಲ್ಲೋ ಉಳದೈತಿ ಅಂತ ಅರ್ಥ, ನಮಗ ಆ ಎರಡನೇದು ಸಿಕ್ಕಿದ್ದು ಸೀರಿ ಟ್ರಂಕಿನ್ಯಾಗ, ಉಡಿ ತುಂಬಿದ ಅಕ್ಕಿ ಗಂಟಿನ್ಯಾಗ.