ಎಂಡಿ ಸಂಬಳಕ್ಕೆ ನಿಮ್ಮದೂ ಒಂದು ವೋಟು

ಡಿಮ್ಯಾಟ್ ಖಾತೆಯಲ್ಲಿ ಯಾವುದಾದರೂ ಕಂಪನಿಯ ಹತ್ತು ಷೇರು ಇದೆಯೇ? ಹಾಗಿದ್ದರೆ ವಾರ್ಷಿಕ ಸಭೆಗೆ ಮೊದಲು ನಿಮ್ಮ ಇಮೇಲಿಗೆ ವಾರ್ಷಿಕ ವರದಿ ಬಂದು ಬೀಳುತ್ತದೆ. ಮುನ್ನೂರು ಚಿಲ್ಲರೆ ಪುಟ. ನಾನೂ ವರ್ಷಗಟ್ಟಲೆ ಅದನ್ನು ತೆರೆದು ನೋಡಿದವನಲ್ಲ. ಎಂಡಿಗೆ, ಅಂದರೆ ವ್ಯವಸ್ಥಾಪಕ ನಿರ್ದೇಶಕರಿಗೆ, ಕೊಡುವ ಸಂಬಳ ದುಡಿಮೆಗೆ ತಕ್ಕದ್ದೇ ಎಂದು ಪರೀಕ್ಷಿಸಲು ಬೇಕಾದ್ದೆಲ್ಲ ಅದರೊಳಗೇ ಇರುತ್ತದೆ.

ಹಂತ 1: ಅನುಪಾತ ಹುಡುಕಿ

ಪಿಡಿಎಫ್ ತೆರೆದು ಸರ್ಚ್‌ನಲ್ಲಿ ‘ಮೀಡಿಯನ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಶಾಲೆಯ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು ನಿಲ್ಲಿಸುತ್ತಿದ್ದರಲ್ಲ, ಹಾಗೆ ನೌಕರರನ್ನೆಲ್ಲ ಸಂಬಳದ ಪ್ರಕಾರ ನಿಲ್ಲಿಸಿದರೆ ನಟ್ಟನಡುವೆ ನಿಂತವರ ಸಂಬಳವೇ ಮೀಡಿಯನ್. ಪ್ರತಿ ನಿರ್ದೇಶಕರ ಸಂಬಳ ಅದರ ಎಷ್ಟು ಪಟ್ಟು ಎಂದು ಲಿಸ್ಟೆಡ್ (ಷೇರುಪೇಟೆಯಲ್ಲಿ ವಹಿವಾಟಾಗುವ) ಕಂಪನಿಗಳು ಹೇಳಲೇಬೇಕು. 2013ರ ಕಂಪನಿ ಕಾಯ್ದೆಯ ಕಟ್ಟಳೆ ಅದು. ನಡುವಿನವರಿಗೆ ವರ್ಷಕ್ಕೆ 10 ಲಕ್ಷ, ಎಂಡಿಗೆ 20 ಕೋಟಿ ಎಂದಾದರೆ ಅನುಪಾತ 200.

ಅಡಿಟಿಪ್ಪಣಿ ಬಿಡಬೇಡಿ. ಷೇರಿನ ರೂಪದಲ್ಲಿ ಕೊಟ್ಟದ್ದನ್ನು ಲೆಕ್ಕದಿಂದ ಹೊರಗಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇನ್ನೊಂದು ಮಾತು: ಗುತ್ತಿಗೆ ಏಜೆನ್ಸಿ ಮೂಲಕ ಬಂದ ಗೇಟಿನ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರು ಸಾಮಾನ್ಯವಾಗಿ ಈ ಸಾಲಿನಲ್ಲಿ ನಿಂತೇ ಇರುವುದಿಲ್ಲ.

ಹಂತ 2: ಏರಿಕೆ ಹೋಲಿಸಿ

ಅದೇ ಪುಟದ ಆಸುಪಾಸಿನಲ್ಲಿ ಎಂಡಿಗೆ ಶೇಕಡ ಎಷ್ಟು ಏರಿಕೆ, ಮೀಡಿಯನ್ ಸಂಬಳಕ್ಕೆ ಎಷ್ಟು ಎಂಬುದೂ ಇರುತ್ತದೆ. ನನಗೆ ಅನುಪಾತಕ್ಕಿಂತ ಇದೇ ಮುಖ್ಯ. 2017ರಲ್ಲಿ ಇನ್ಫೊಸಿಸ್‌ನ ಹಿರಿಯ ಅಧಿಕಾರಿಯೊಬ್ಬರ ಸಂಬಳದ ಬಗ್ಗೆ ನಾರಾಯಣ ಮೂರ್ತಿ ಬಹಿರಂಗವಾಗಿ ತಕರಾರು ಎತ್ತಿದ್ದು ಇದೇ ಕಾರಣಕ್ಕೆ: ಬಹುತೇಕ ನೌಕರರಿಗೆ ಶೇ 6ರಿಂದ 8 ಏರಿಸಿ, ಮೇಲಿನವರಿಗೆ ಶೇ 60–70 ಏರಿಸುವುದು ಸರಿಯಲ್ಲ ಎಂದರು. ಷೇರುದಾರರ ವೋಟಿನಲ್ಲಿ ಆ ಸಂಬಳದ ನಿರ್ಣಯವೇನೋ ಪಾಸಾಯಿತು. ಆದರೆ ಆ ಪ್ರಶ್ನೆ ಇಂದಿಗೂ ಎಲ್ಲ ಕಂಪನಿಗೂ ಕೇಳತಕ್ಕದ್ದೇ.

ಹಂತ 3: ಯಾವುದಕ್ಕೆ ಕೊಟ್ಟರು?

ದುಡಿದವರಿಗೆ ಕೊಡುವುದರಲ್ಲಿ ತಪ್ಪಿಲ್ಲ. ಕಂಪನಿ ಬೆಳೆಸಿದವರು ಕೋಟಿ ಎಣಿಸಿದರೆ ಹೊಟ್ಟೆಯುರಿ ಬೇಡ. ನೋಡಬೇಕಾದ್ದು, ಲಾಭ ಕುಸಿದ ವರ್ಷ ಬೋನಸ್ಸೂ ಕುಸಿಯಿತೇ ಎಂದು. ಮಾರುಕಟ್ಟೆಯಲ್ಲಿ 1,000 ರೂಪಾಯಿ ಇರುವ ಷೇರನ್ನು 1 ರೂಪಾಯಿ ಮುಖಬೆಲೆಗೆ ಕೊಟ್ಟಿದ್ದರೆ, ಅದು 500ಕ್ಕೆ ಇಳಿದರೂ ಸಾಹೇಬರಿಗೆ 499 ಲಾಭ! ಷೇರುದಾರರಾದ ನಮಗೆ ಅರ್ಧ ಮಂಗಮಾಯ.

ಒಳ್ಳೆಯ ಮಾದರಿ ಬೇಕೆಂದರೆ ಖಾಸಗಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2019ರಲ್ಲಿ ಹಾಕಿದ ನಿಯಮ ನೋಡಿ. ಸಿಇಒ ಸಂಬಳದಲ್ಲಿ ಕನಿಷ್ಠ ಅರ್ಧ ಸಾಧನೆಗೆ ಕಟ್ಟಿದ್ದಿರಬೇಕು, ಅದರ ದೊಡ್ಡ ಪಾಲನ್ನು ಮೂರು ವರ್ಷವಾದರೂ ತಡೆದು ಕೊಡಬೇಕು, ಎಡವಟ್ಟಾದರೆ ವಾಪಸ್ ಪಡೆಯಲು ಅವಕಾಶವಿರಬೇಕು.

ಹಂತ 4: ಮಿತಿ ದಾಟುತ್ತಿದೆಯೇ?

ಒಬ್ಬ ಎಂಡಿಗೆ ನಿವ್ವಳ ಲಾಭದ ಶೇ 5, ಎಲ್ಲ ನಿರ್ದೇಶಕರಿಗೂ ಸೇರಿ ಶೇ 11 – ಕಾಯ್ದೆಯ ಮಿತಿ ಇದು. ಆದರೆ ಷೇರುದಾರರ ಒಪ್ಪಿಗೆ ಇದ್ದರೆ ದಾಟಬಹುದು. ಎಂಡಿಯ ಶೇ 5 ದಾಟಲು ‘ವಿಶೇಷ ನಿರ್ಣಯ’ ಬೇಕು, ಅಂದರೆ ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲು. 2021ರಲ್ಲಿ ಐಷರ್ ಮೋಟರ್ಸ್‌ನ ಆಗಿನ ಎಂಡಿ ಸಿದ್ಧಾರ್ಥ ಲಾಲ್ ಅವರ ಮರುನೇಮಕ, ಸಂಬಳದ ನಿರ್ಣಯ ಆ ಮುಕ್ಕಾಲನ್ನು ಮುಟ್ಟದೆ ಬಿತ್ತು. ಕಂಪನಿ ಸಂಬಳದ ಮಿತಿ ಇಳಿಸಿ ಮತ್ತೆ ಷೇರುದಾರರ ಮುಂದೆ ಬಂತು, ಆಗ ಪಾಸಾಯಿತು.

ಹಂತ 5: ವೋಟು ಹಾಕಿ

ನಿಮ್ಮ ಡಿಮ್ಯಾಟ್ ಷೇರುಗಳನ್ನು ಇಟ್ಟುಕೊಳ್ಳುವ ಸಂಸ್ಥೆಯ, ಅಂದರೆ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನ, ತಾಣಕ್ಕೆ ಹೋಗಿ ಒಟಿಪಿ ಹಾಕಿದರೆ ಇ-ವೋಟಿಂಗ್ ತೆರೆದುಕೊಳ್ಳುತ್ತದೆ. ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಬಾಗಿಲು ಬಂದ್. ಎಸ್‌ಐಪಿಯಲ್ಲಿ (ಮ್ಯೂಚುವಲ್ ಫಂಡಿನ ಕಂತು) ಮಾತ್ರ ಹಣ ಹಾಕಿದವರ ಪರವಾಗಿ ಫಂಡ್ ಕಂಪನಿಯೇ ವೋಟು ಹಾಕುತ್ತದೆ; ಯಾವ ಕಡೆ ಹಾಕಿತೆಂದು ಅದರ ವೆಬ್‌ಸೈಟಿನಲ್ಲಿ ಪ್ರಕಟಿಸಲೇಬೇಕು, ನೋಡಿ.

ಸಭೆ ಮುಗಿದ ಎರಡು ಕೆಲಸದ ದಿನಗಳೊಳಗೆ ಫಲಿತಾಂಶ ಷೇರುಪೇಟೆಯ ತಾಣಕ್ಕೆ ಬರುತ್ತದೆ. ಅದರಲ್ಲಿ ಪ್ರೊಮೋಟರ್ (ಕಂಪನಿಯ ಹಿಡಿತ ಇರುವವರು), ಸಂಸ್ಥೆಗಳು, ಮಿಕ್ಕ ಸಾರ್ವಜನಿಕರು ಎಂದು ಬೇರೆಬೇರೆ ಸಾಲು. ನಿಮ್ಮ ಹತ್ತು ಷೇರು ಸೇರಿರುವುದು ಆ ಮೂರನೆಯ ಸಾಲಿನಲ್ಲಿ.