ಸಿಕಲ್ ಸೆಲ್ ಹಿಮೋಗ್ಲೋಬಿನ್: ಹೊಸ ವಿದ್ಯಾರ್ಥಿಗೆ ಪ್ರೋಟೀನ್ ರಚನೆ ಓದಲು ಕಲಿಸುವ ಬಗೆ

ಪ್ರೋಟೀನಿನ ರಚನೆ ನೋಡಿ ಕಾಯಿಲೆಯ ಮೂಲ ಹುಡುಕುವುದನ್ನು ಕಲಿಸಲು ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯಷ್ಟು ಒಳ್ಳೆಯ ಪಾಠ ಸಿಗುವುದು ಕಷ್ಟ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಪ್ರೋಟೀನಿನ ಸರಪಳಿಯಲ್ಲಿ ಬದಲಾಗಿರುವುದು ಒಂದೇ ಕೊಂಡಿ, ಅಂದರೆ ಒಂದೇ ಅಮೈನೋ ಆಮ್ಲ. ಕಾಯಿಲೆಯೂ ದೂರದ್ದಲ್ಲ, ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಹಾಡಿಗಳಲ್ಲಿದೆ. ಲ್ಯಾಪ್‌ಟಾಪ್, ಪ್ರೋಟೀನ್ ರಚನೆ ತೋರಿಸುವ ಪೈಮಾಲ್ ತಂತ್ರಾಂಶ, ಎರಡು ಮಧ್ಯಾಹ್ನ ಇದ್ದರೆ ಸಾಕು.

ಫೈಲ್ ತೆರೆಯುವ ಮೊದಲೇ ವಿದ್ಯಾರ್ಥಿ ತನ್ನ ಊಹೆಯನ್ನು ನೋಟ್‌ಬುಕ್‌ನಲ್ಲಿ ಬರೆಯಲಿ: ಬೀಟಾ ಸರಪಳಿಯ (ಹಿಮೋಗ್ಲೋಬಿನ್‌ನ ನಾಲ್ಕು ಸರಪಳಿಗಳಲ್ಲಿ ಎರಡು ಈ ಬಗೆಯವು) 6ನೇ ಜಾಗದಲ್ಲಿ ಗ್ಲುಟಮೇಟ್ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲೀನ್ ಬಂದರೆ ಏನು ಕೆಡುತ್ತದೆ? ‘ಪ್ರೋಟೀನಿನ ಆಕಾರವೇ ಹಾಳಾಗುತ್ತದೆ’ ಎಂಬ ಉತ್ತರ ಬಂದರೆ ತಿದ್ದಬೇಡಿ.

ಪ್ರೋಟೀನ್ ರಚನೆಗಳ ಆನ್‌ಲೈನ್ ಸಂಗ್ರಹವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ 4ಎಚ್‌ಎಚ್‌ಬಿ (ಸಾಮಾನ್ಯ ಹಿಮೋಗ್ಲೋಬಿನ್, ಆಮ್ಲಜನಕವಿಲ್ಲದ್ದು, ಸ್ಪಷ್ಟತೆ 1.74 ಆಂಗ್‌ಸ್ಟ್ರಾಮ್; ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಮತ್ತು 2ಎಚ್‌ಬಿಎಸ್ (ಸಿಕಲ್, 2.05 ಆಂಗ್‌ಸ್ಟ್ರಾಮ್) ಇಳಿಸಿಕೊಳ್ಳಿ. ಎರಡನೆಯದರಲ್ಲಿ ಎರಡು ಅಣು, ಎಂಟು ಸರಪಳಿ ಇವೆ. ಎ ಇಂದ ಡಿವರೆಗಿನ ನಾಲ್ಕನ್ನಷ್ಟೇ ಆರಿಸಿ ಮೊದಲನೆಯದರ ಮೇಲೆ ಕೂರಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಊಹೆ ತಪ್ಪೆಂದು ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುವ ಗಳಿಗೆ ಇದು. ಆಗ ನೀವು ಸುಮ್ಮನಿರಬೇಕು, ಮೌಸ್ ಕಿತ್ತುಕೊಳ್ಳಬಾರದು.

ಇಲ್ಲಿ ಎಡವುವುದು ಸಂಖ್ಯೆಯಲ್ಲಿ. ಜೀನ್ ವರದಿಗಳು ಸರಪಳಿ ಕಟ್ಟುವಾಗ ಮೊದಲು ಬಂದು ಆಮೇಲೆ ಕಳಚಿಹೋಗುವ ಮೆಥಿಯೋನೀನ್ ಸೇರಿಸಿ ಎಣಿಸುವುದರಿಂದ ಇದೇ ಬದಲಾವಣೆಯನ್ನು 7 ಎಂದು ಬರೆಯುತ್ತವೆ. ರಚನೆಯ ಫೈಲ್‌ನಲ್ಲಿ ಅದು 6. ಆ 7ನ್ನೇ ನಂಬಿ ಹುಡುಕಿದವರಿಗೆ ವ್ಯಾಲೀನ್ ಬದಲು ಗ್ಲುಟಮೇಟ್ ಕಾಣುತ್ತದೆ, ಫೈಲೇ ತಪ್ಪೆಂದುಕೊಳ್ಳುತ್ತಾರೆ.

ಮುಂದೆ ಜನರೇಟ್ ಪಟ್ಟಿಯಲ್ಲಿ ಸಿಮೆಟ್ರಿ ಮೇಟ್ಸ್ ಆರಿಸಿ 5 ಆಂಗ್‌ಸ್ಟ್ರಾಮ್ ಕೊಡಿ. ಈ ರಚನೆಗಳನ್ನು ಹಿಮೋಗ್ಲೋಬಿನ್‌ನ ಹರಳಿನಿಂದ ಪಡೆದದ್ದು; ಆ ಹರಳಿನ ಅಕ್ಕಪಕ್ಕದ ಅಣುಗಳನ್ನು ತರದಿದ್ದರೆ ಕೆಲವು ಸಂಪರ್ಕಗಳು ತೆರೆಯ ಮೇಲೆ ಬರುವುದೇ ಇಲ್ಲ. ಬಿ, ಡಿ, ಎಫ್, ಎಚ್ ಸರಪಳಿಗಳ 6ನೇ ವ್ಯಾಲೀನ್‌ನ ಸುತ್ತ 4.5 ಆಂಗ್‌ಸ್ಟ್ರಾಮ್‌ನೊಳಗೆ ಏನಿದೆ ಎಂದು ಒಂದೊಂದಾಗಿ ನೋಡಿಸಿ. ಪಕ್ಕದ ಅಣುವಿನ ಬೀಟಾ ಸರಪಳಿಯಲ್ಲಿ 85ನೇ ಫಿನೈಲಲನೀನ್ ಮತ್ತು 88ನೇ ಲ್ಯೂಸೀನ್ ಸೇರಿ ಮಾಡಿದ ಎಣ್ಣೆಗುಣದ ಗುಳಿಯಲ್ಲಿ ವ್ಯಾಲೀನ್ ಕೂತಿರುತ್ತದೆ. ವಿದ್ಯುದಂಶ ಹೊತ್ತ ಗ್ಲುಟಮೇಟ್‌ಗೆ ಅಲ್ಲಿ ಜಾಗ ಒಗ್ಗದು. ಪ್ರತಿ ಅಣುವಿನ ಎರಡು ವ್ಯಾಲೀನ್‌ಗಳಲ್ಲಿ ಒಂದೇ ಹೀಗೆ ಕೂರುತ್ತದೆ, ಇನ್ನೊಂದರ ಸುತ್ತ ಖಾಲಿ ಕಂಡರೆ ಅದು ವಿದ್ಯಾರ್ಥಿಯ ತಪ್ಪಲ್ಲ.

ಆಮ್ಲಜನಕ ಹಿಡಿದ 1ಎಚ್‌ಎಚ್‌ಒ ಜತೆ ಹೋಲಿಸುವಾಗ ಬಯಲಾಜಿಕಲ್ ಅಸೆಂಬ್ಲಿ ಫೈಲನ್ನೇ ಇಳಿಸಿ. ಮಾಮೂಲಿ ಫೈಲ್‌ನಲ್ಲಿ ಅರ್ಧ ಅಣುವಷ್ಟೇ ಇರುತ್ತದೆ.

ವ್ಯಾಲೀನ್ ಗುಳಿಯಲ್ಲಿ ಕೂತು ಅಂಟಿಕೊಂಡ ಅಣುಗಳ ಎರಡು ಸಾಲು ಸೇರಿ ಜೋಡಿ ಎಳೆಯಾಗುತ್ತದೆ. ಹರಳಿನಲ್ಲಿ ಈ ಜೋಡಿ ಎಳೆ ನೇರವಾಗಿರುತ್ತದೆ. ಕೆಂಪು ರಕ್ತಕಣದೊಳಗೆ ಅಂಥ 7 ಜೋಡಿಗಳು ಹಗ್ಗದಂತೆ ಹೊಸೆದುಕೊಂಡು 14 ಎಳೆಯ ನಾರಾಗುತ್ತವೆ. ಈ ವ್ಯತ್ಯಾಸವನ್ನು ಚಿತ್ರದ ಅಡಿಬರಹದಲ್ಲಿ ಅವರಿಂದಲೇ ಬರೆಸಿ.

ಎರಡನೆಯ ಮಧ್ಯಾಹ್ನದ ಪ್ರಶ್ನೆ: ಭ್ರೂಣದ ಹಿಮೋಗ್ಲೋಬಿನ್‌ನ ಗಾಮಾ ಸರಪಳಿಯಲ್ಲಿ (ಅಲ್ಲಿ ಬೀಟಾ ಬದಲು ಇರುವುದು ಇದು) 87ನೇ ಜಾಗದಲ್ಲಿರುವುದು ಬೀಟಾದಂತೆ ಥ್ರಿಯೊನೀನ್ ಅಲ್ಲ, ಗ್ಲುಟಮೀನ್. ಆ ಜಾಗಕ್ಕೆ ಬಣ್ಣ ಹಚ್ಚಿ, ಗುಳಿಯಿಂದ ಅದರ ದೂರ ಅಳೆದು, ಹೈಡ್ರಾಕ್ಸಿಯೂರಿಯಾ ಔಷಧ ಕೊಟ್ಟು ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿಸಿದಾಗ ರೋಗಿಯ ನೋವು ಏಕೆ ಇಳಿಯುತ್ತದೆ ಎಂದು ಐದು ಸಾಲಿನಲ್ಲಿ ಬರೆಯಲಿ.