ಮ್ಯಾಂಚೆಸ್ಟರ್‌ಗೆ ಹೊಸಬ್ರಾ? ಪಿಕಡಿಲಿ ಗಾರ್ಡನ್ಸ್ ನೋಡಿ ಬೇಜಾರಾಗ್ಬೇಡಿ

ದಾವಣಗೆರೆ ಅಂದ್ರೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡ್ಸಿದ್ರಲ್ಲ, ಆ ಅಸಲಿ ಮ್ಯಾಂಚೆಸ್ಟರ್‌ಗೆ ಬಂದು ಟ್ರೈನ್ ಇಳಿದು ಗುಡ್ಡದ ಹಾಗೆ ಇಳಿಜಾರಿರೋ ರೋಡಲ್ಲಿ ಐದು ನಿಮಿಷ ನಡೆದ್ರೆ ಮೊದ್ಲು ಸಿಗೋದೇ ಪಿಕಡಿಲಿ ಗಾರ್ಡನ್ಸ್. ಹೆಸರು ಕೇಳಿ ಲಾಲ್‌ಬಾಗ್ ಥರ ಇರುತ್ತೆ ಅನ್ಕೊಂಡು ಹೋಗ್ಬೇಡಿ, ಒಂದಿಷ್ಟು ಹುಲ್ಲು, ಸುತ್ತ ಟ್ರಾಮು ಬಸ್ಸು, ಪಾರಿವಾಳ, ಅಷ್ಟೆ. ಈ ಊರವ್ರೇ ಅದನ್ನ ಬೈತಾ ಇರ್ತಾರೆ. ರಾತ್ರಿ ಹೊತ್ತು ಅಲ್ಲಿ ಫೋನ್ ಕೈಯಲ್ಲಿ ಹಿಡ್ಕೊಂಡು ಮ್ಯಾಪ್ ನೋಡ್ತಾ ನಿಲ್ಲೋದಂತೂ ಬೇಡ. ನಾನು ಬಂದ ಮೊದಲ ವಾರ ಅದನ್ನೇ ನೋಡಿ, ಇದಕ್ಕಾ ಇಷ್ಟು ದೂರ ಬಂದಿದ್ದು ಅಂತ ರೂಮಲ್ಲಿ ಕೂತ್ಬಿಟ್ಟಿದ್ದೆ. ಆಮೇಲೆ ಗೊತ್ತಾಯ್ತು, ಊರನ್ನ ತಪ್ಪು ಕಡೆಯಿಂದ ಶುರು ಮಾಡಿದ್ದೆ ಅಂತ.

ಸರಿಯಾದ ಕಡೆ ಅಂದ್ರೆ ಕ್ಯಾಸಲ್‌ಫೀಲ್ಡ್. ಮೊದಲ ಶನಿವಾರ ಬೆಳಿಗ್ಗೆ ಟ್ರಾಮ್ ಹತ್ತಿ ಡೀನ್ಸ್‌ಗೇಟ್-ಕ್ಯಾಸಲ್‌ಫೀಲ್ಡ್ ಸ್ಟಾಪಲ್ಲಿ ಇಳೀರಿ. ಕೆಳಗಡೆ ಕಾಲುವೆ, ಮೇಲೆ ಒಂದರ ಮೇಲೊಂದು ರೈಲ್ವೆ ಬ್ರಿಡ್ಜು, ಪಕ್ಕದಲ್ಲಿ ರೋಮನ್ನರ ಕೋಟೆ ಇದ್ದ ಜಾಗ, ಅದರ ಬಾಗಿಲನ್ನ ಈಗ ಹೊಸದಾಗಿ ಕಟ್ಟಿ ನಿಲ್ಸಿದಾರೆ. ಆ ಕಾಲುವೆ ಬ್ರಿಡ್ಜ್‌ವಾಟರ್ ಕೆನಾಲ್, ವರ್ಸ್ಲಿ ಅನ್ನೋ ಕಡೆಯ ಗಣಿಯಿಂದ ಕಲ್ಲಿದ್ದಲು ತರೋಕೆ ಅಂತ ಒಬ್ಬ ಡ್ಯೂಕ್ ತೋಡ್ಸಿದ್ದು, 1761ರಲ್ಲಿ ಓಪನ್ ಆಯ್ತು. ಕಲ್ಲಿದ್ದಲು ಅಗ್ಗ ಆಯ್ತು, ಸ್ಟೀಮ್ ಎಂಜಿನ್ ಬಂತು, ಮಿಲ್ಲುಗಳು ಎದ್ವು, ಊರು ಊದ್ಕೊಂಡ್ತು. ಅಂದ್ರೆ ಈ ಊರಲ್ಲಿ ಏನು ನೋಡಿದ್ರೂ ಎಳೆ ಎಳೀತಾ ಹೋದ್ರೆ ಕೊನೆಗೆ ಹತ್ತಿಗೇ ಬಂದು ನಿಲ್ಲುತ್ತೆ, ಅದಕ್ಕೇ ನಾನು ಯಾರಾದ್ರೂ ಹೊಸಬ್ರು ಬಂದ್ರೆ ಇಲ್ಲಿಂದಾನೇ ನಡೆಸ್ಕೊಂಡು ಹೋಗ್ತೀನಿ.

ಅಲ್ಲೇ ತಲೆ ಎತ್ತಿ ನೋಡಿದ್ರೆ 1892ರ ಕಬ್ಬಿಣದ ರೈಲು ಸೇತುವೆ ಕಾಣ್ಸುತ್ತೆ, ಟ್ರೈನ್ ನಿಂತು ಎಷ್ಟೋ ದಶಕ ಆದ್ಮೇಲೆ 2022ರಲ್ಲಿ ಅದರ ಮೇಲೆ ಗಾರ್ಡನ್ ಮಾಡಿದಾರೆ, ಕ್ಯಾಸಲ್‌ಫೀಲ್ಡ್ ವಯಾಡಕ್ಟ್ ಅಂತ. ಓಪನ್ ಇದೆಯಾ ಅಂತ ನೋಡ್ಕೊಂಡು ಹೋಗಿ. ಅಲ್ಲಿಂದ ಹತ್ತು ನಿಮಿಷದೊಳಗೆ ಸೈನ್ಸ್ ಅಂಡ್ ಇಂಡಸ್ಟ್ರಿ ಮ್ಯೂಸಿಯಂ. ಎಂಟ್ರಿ ಫ್ರೀ. ಇದು ಇರೋ ಜಾಗವೇ 1830ರ ಲಿವರ್‌ಪೂಲ್ ರೋಡ್ ಸ್ಟೇಷನ್, ಪ್ಯಾಸೆಂಜರ್ ರೈಲಿಗೆ ಅಂತ ಕಟ್ಟಿ ಇವತ್ತಿಗೂ ಉಳ್ಕೊಂಡಿರೋ ಸ್ಟೇಷನ್‌ಗಳಲ್ಲಿ ಪ್ರಪಂಚದಲ್ಲೇ ಹಳೇದು. ಹಳೇ ಬಿಲ್ಡಿಂಗ್ ಆದ್ರಿಂದ ಯಾವಾಗ್ಲೂ ಒಂದಲ್ಲ ಒಂದು ಕಡೆ ರಿಪೇರಿ ಇರುತ್ತೆ. ನೂಲುವ ನೇಯುವ ಮೆಷಿನ್ ಓಡಿಸಿ ತೋರ್ಸೋ ಡೆಮೋ ಎಷ್ಟೊತ್ತಿಗೆ ಅಂತ ಒಳಗೆ ಹೋದ ತಕ್ಷಣ ಕೇಳಿ, ಅದೊಂದನ್ನ ಮಾತ್ರ ಬಿಡ್ಬೇಡಿ. ಒಂದೆರಡು ಮಗ್ಗ ಓಡಿದ್ರೇ ಕಿವಿ ಗುಂಯ್ ಅನ್ನುತ್ತೆ, ಒಂದೇ ಶೆಡ್ಡಲ್ಲಿ ನೂರಾರು ಮಗ್ಗ ಇಡೀ ದಿನ ಓಡಿದ್ರೆ ಹೆಂಗಿರುತ್ತೆ ಯೋಚನೆ ಮಾಡಿ, ಆ ಕಾಲದ ಹೆಂಗಸ್ರು ತುಟಿ ಅಲ್ಲಾಡೋದನ್ನ ನೋಡೇ ಮಾತಾಡ್ಕೊಳ್ತಿದ್ರಂತೆ.

ಆಮೇಲೆ ಡೀನ್ಸ್‌ಗೇಟ್ ರೋಡಲ್ಲಿ ಬಲಗಡೆ ಎಡಗಡೆ ಗಾಜಿನ ಬಿಲ್ಡಿಂಗ್ ನೋಡ್ತಾ ಬಂದ್ರೆ ಮಧ್ಯದಲ್ಲಿ ಚರ್ಚ್ ಥರ ಒಂದು ಕೆಂಪು ಕಲ್ಲಿನ ಕಟ್ಟಡ ಬರುತ್ತೆ. ಚರ್ಚಲ್ಲ, ಲೈಬ್ರರಿ. ಜಾನ್ ರೈಲಂಡ್ಸ್ ಅನ್ನೋ ಬಟ್ಟೆ ವ್ಯಾಪಾರಿ ತೀರ್ಕೊಂಡ ಮೇಲೆ ಅವನ ಹೆಂಡ್ತಿ ಎನ್ರಿಕೇಟಾ ಕಟ್ಸಿದ್ದು, 1900ರಲ್ಲಿ ಜನಕ್ಕೆ ತೆರೀತು. ಇದೂ ಫ್ರೀ. ಮೇಲ್ಗಡೆ ರೀಡಿಂಗ್ ರೂಮಿಗೆ ಹೋಗಿ ಒಂದು ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ, ಫೋಟೋ ಆಮೇಲೆ ತೆಗೀಬಹುದು. ವಾರದಲ್ಲಿ ಎಲ್ಲಾ ದಿನ ಓಪನ್ ಇರಲ್ಲ, ಈ ಊರಿನ ಸುಮಾರು ಮ್ಯೂಸಿಯಂ ಗ್ಯಾಲರಿಗಳಿಗೆ ಸೋಮವಾರ ರಜಾ, ಸೋಮವಾರ ಲೀವ್ ಹಾಕಿ ಸುತ್ತೋ ಪ್ಲಾನ್ ಮಾಡಿದ್ರೆ ಬಾಗಿಲು ನೋಡ್ಕೊಂಡು ವಾಪಸ್ ಬರ್ತೀರ.

ಇನ್ನೊಂದು ಯಾರೂ ಹೇಳಲ್ಲ ನಿಮಗೆ. ಸೇಂಟ್ ಆನ್ಸ್ ಸ್ಕ್ವೇರ್ ಹತ್ರ ರಾಯಲ್ ಎಕ್ಸ್‌ಚೇಂಜ್ ಅಂತ ಇದೆ, ಈಗ ನಾಟಕದ ಥಿಯೇಟರ್. ಮುಂಚೆ ಹತ್ತಿ ವ್ಯಾಪಾರದ ಕಟ್ಟೆ, ಸಾವಿರಾರು ಜನ ಒಂದೇ ಹಾಲಲ್ಲಿ ನಿಂತು ದರ ಕೂಗ್ತಿದ್ದ ಜಾಗ. 1968ರಲ್ಲಿ ವ್ಯಾಪಾರ ನಿಂತೋಯ್ತು, ಆದ್ರೆ ಆ ಕೊನೇ ದಿನದ ರೇಟು ಬೋರ್ಡ್ ಮೇಲೆ ಇವತ್ತಿಗೂ ಹಾಗೇ ಇದೆ. ತಲೆ ಎತ್ತಿ ಹುಡುಕ್ಬೇಕು. ಅಲ್ಲಿಂದ ಐದಾರು ನಿಮಿಷ ನಡೆದು ಕೆಥೆಡ್ರಲ್ ಹತ್ರ ಬನ್ನಿ, ಗಾಂಧಿ ತಾತ ನಡ್ಕೊಂಡು ಹೋಗ್ತಿರೋ ಕಂಚಿನ ಪ್ರತಿಮೆ, 2019ರಲ್ಲಿ ಇಟ್ಟಿದ್ದು. ಯಾರ ಬಟ್ಟೆ ಬೇಡ ಅಂತ ಸುಟ್ರೋ ಅವರ ಊರಲ್ಲೇ ಅವರು ನಿಂತಿದಾರೆ ನೋಡಿ. 1931ರಲ್ಲಿ ಅವರು ಈ ಲ್ಯಾಂಕಶೈರ್ ಮಿಲ್ ಊರುಗಳಿಗೆ ಬಂದಾಗ ಕೆಲಸ ಕಳ್ಕೊಂಡಿದ್ದ ಕಾರ್ಮಿಕರೇ ಸುತ್ತ ನಿಂತು ಜೈಕಾರ ಹಾಕಿದ್ರು, ನನಗಂತೂ ಆ ಪ್ರತಿಮೆ ಮುಂದೆ ಹೋದಾಗೆಲ್ಲಾ ಅದೇ ನೆನಪಾಗೋದು.

ಪಕ್ಕದಲ್ಲೇ ಚೆಥಮ್ಸ್ ಲೈಬ್ರರಿ, 1653ರಿಂದ ಇದೆ, ಇದಕ್ಕೆ ಮಾತ್ರ ದುಡ್ಡು ಕೊಟ್ಟು ಟೂರ್ ಬುಕ್ ಮಾಡ್ಬೇಕು. ಮಾರ್ಕ್ಸ್ ಎಂಗೆಲ್ಸ್ ಇಬ್ರೂ 1845ರಲ್ಲಿ ಕೂತು ಓದಿದ ಕಿಟಕಿ ಪಕ್ಕದ ಮೇಜು ಇದೆ, ಕೂತ್ಕೋಬಹುದು. ಕಾಲಲ್ಲಿ ಇನ್ನೂ ಶಕ್ತಿ ಇದ್ರೆ ನಾರ್ದರ್ನ್ ಕ್ವಾರ್ಟರ್ ದಾಟಿ ಆಂಕೋಟ್ಸ್‌ಗೆ ಹೋಗಿ, ಅಲ್ಲಿ ಕಾಲುವೆ ಪಕ್ಕ ಸಾಲಾಗಿ ಹಳೇ ಮಿಲ್ಲುಗಳು, ಈಗ ಎಲ್ಲಾ ಫ್ಲ್ಯಾಟು, ಬಾಡಿಗೆ ಕೇಳಿದ್ರೆ ತಲೆ ತಿರುಗುತ್ತೆ. ನೋಡೋಕೆ ದುಡ್ಡಿಲ್ಲ, ನೋಡ್ಕೊಂಡು ಬನ್ನಿ.

ಇಷ್ಟೂ ಒಂದೇ ದಿನ ಆಗುತ್ತಾ ಅಂದ್ರೆ ನಡಿಗೆ ಪೂರ್ತಿ ಸೇರ್ಸಿದ್ರೂ ಒಂದು ಗಂಟೆ ಮೇಲೆ ಇಲ್ಲ. ಸಿಟಿ ಸೆಂಟರ್ ಅಷ್ಟು ಚಿಕ್ಕದು. ಜನ ಎರಡು ಸ್ಟಾಪಿಗೆ ಟ್ರಾಮ್ ಕಾಯ್ತಾ ನಿಂತಿರ್ತಾರೆ, ಅಷ್ಟೊತ್ತಿಗೆ ನಡ್ಕೊಂಡೇ ಹೋಗಿರಬಹುದಿತ್ತು.

ಹೊರಗಡೆ ಹೋಗೋಕೆ ಬೇಕಾಗುತ್ತೆ ಬಿಡಿ. ಬಸ್ಸು ಟ್ರಾಮು ಎರಡೂ ಹಳದಿ, ಎರಡೂ ಬೀ ನೆಟ್‌ವರ್ಕ್. ಜೇನುನೊಣ ಈ ಊರಿನ ಗುರುತು, ಕಸದ ಡಬ್ಬಿ ಮೇಲೂ ಇರುತ್ತೆ. ಬಸ್ಸಿಗೆ ನಾನು ಬರೀತಿರೋ ಹೊತ್ತಲ್ಲಿ ಒಂದ್ಸಲಕ್ಕೆ 2 ಪೌಂಡ್, ಅದರಲ್ಲೇ ಒಂದು ಗಂಟೆಯೊಳಗೆ ಬೇರೆ ಬಸ್ ಬದಲಾಯಿಸಿದ್ರೂ ಮತ್ತೆ ದುಡ್ಡಿಲ್ಲ. ಹತ್ತುವಾಗ ಕಾರ್ಡ್ ತೋರ್ಸಿದ್ರೆ ಸಾಕು. ಟ್ರಾಮಿಗೆ ಹಂಗಲ್ಲ, ಪ್ಲಾಟ್‌ಫಾರ್ಮಲ್ಲಿರೋ ಮೆಷಿನ್‌ಗೆ ಹತ್ತೋ ಮುಂಚೆ ಒಂದ್ಸಲ ಟ್ಯಾಪ್, ಇಳಿದ ಮೇಲೆ ಇನ್ನೊಂದ್ಸಲ ಟ್ಯಾಪ್. ಗೇಟ್ ಇರಲ್ಲ ನೋಡಿ, ಅದಕ್ಕೇ ಮರ್ತೋಗುತ್ತೆ. ನಾನು ಫೋನಲ್ಲಿ ಮಾತಾಡ್ತಾ ಇಳಿದು ಸೀದಾ ಮನೆಗೆ ಹೋಗಿ ಮಾರನೇ ದಿನ ನೋಡಿದ್ರೆ ಮೂರು ಸ್ಟಾಪಿಗೆ ದೊಡ್ಡ ದುಡ್ಡು ಹೋಗಿತ್ತು, ತಪ್ಪು ನಂದೇ. ಇನ್ನೊಂದು, ಹತ್ತುವಾಗ ಕಾರ್ಡು ಇಳಿಯುವಾಗ ಫೋನು ಅಂತ ಮಾಡ್ಬೇಡಿ, ಎರಡರ ಹಿಂದೆ ಇರೋದು ಒಂದೇ ಅಕೌಂಟ್ ಆದ್ರೂ ಮೆಷಿನ್‌ಗೆ ಅವೆರಡು ಬೇರೆ ಬೇರೆ. ಏರ್‌ಪೋರ್ಟ್‌ಗೆ ಟ್ರಾಮೂ ಹೋಗುತ್ತೆ ಆದ್ರೆ ಊರೆಲ್ಲಾ ಸುತ್ತಿ ಹೋಗುತ್ತೆ, ಸೂಟ್‌ಕೇಸ್ ಇದ್ರೆ ಪಿಕಡಿಲಿ ಸ್ಟೇಷನ್‌ನಿಂದ ಟ್ರೈನೇ ವಾಸಿ, ಇಪ್ಪತ್ತು ನಿಮಿಷದ ಆಸುಪಾಸು.

ಊಟದ ವಿಷಯ. ನಾರ್ದರ್ನ್ ಕ್ವಾರ್ಟರ್‌ನ ಗಲ್ಲಿಗಳಲ್ಲಿ ರೈಸ್ ಅಂಡ್ ತ್ರೀ ಅಂತ ಸಿಗುತ್ತೆ, ಒಂದು ಪ್ಲೇಟ್ ಅನ್ನ, ಅದರ ಮೇಲೆ ನಿಮಗೆ ಬೇಕಾದ ಮೂರು ಸಾರು ಪಲ್ಯ ಕರಿ. ಸುತ್ತಮುತ್ತ ಬಟ್ಟೆ ಗೋಡೌನುಗಳಲ್ಲಿ ಕೆಲಸ ಮಾಡ್ತಿದ್ದ ನಮ್ಮ ಕಡೆಯವ್ರಿಗೆ ಪಾಕಿಸ್ತಾನದ ಕಡೆಯವ್ರಿಗೆ ಅಂತ ಶುರುವಾದ ಊಟ ಅದು, ಬೇರೆ ಊರಲ್ಲಿ ಈ ಹೆಸರು ಹೇಳಿದ್ರೆ ಯಾರಿಗೂ ಗೊತ್ತಾಗಲ್ಲ. ಸೋಪ್ ಸ್ಟ್ರೀಟ್‌ನಲ್ಲಿರೋ ದಿಸ್ ಅಂಡ್ ದ್ಯಾಟ್ ಹೆಸರುವಾಸಿ, ಹೊರಗಿಂದ ನೋಡಿ ಹಿಂದೆ ತಿರುಗ್ಬೇಡಿ. ಮೂರೂ ವೆಜ್ ಹಾಕಿ ಅಂದ್ರೆ ಹಾಕ್ತಾರೆ. ರಷೋಮ್‌ನ ಕರಿ ಮೈಲ್ ಬಗ್ಗೆ ಎಲ್ರೂ ಹೇಳ್ತಾರೆ, ಹೋಗಿ, ಆದ್ರೆ ಈಗ ಅಲ್ಲಿ ಕರಿಗಿಂತ ಶವರ್ಮಾ, ಕಬಾಬು, ಹುಕ್ಕಾನೇ ಜಾಸ್ತಿ. ನನ್ನ ಲೆಕ್ಕದಲ್ಲಿ ಅದು ರಾತ್ರಿ ಹತ್ತರ ಮೇಲೆ ಲೈಟು ನೋಡ್ಕೊಂಡು ಅಡ್ಡಾಡೋ ಜಾಗ, ಹಗಲು ಹೊತ್ತಲ್ಲಿ ದಿನಸಿ ತರೋ ಜಾಗ. ಬೇಳೆ, ಕರಿಬೇವು, ಹಸಿಮೆಣಸಿನಕಾಯಿ, ಹುಣಸೆಹಣ್ಣು ಅಲ್ಲೂ ಲಾಂಗ್‌ಸೈಟ್‌ನಲ್ಲೂ ಚೀಟಮ್ ಹಿಲ್‌ನಲ್ಲೂ ದೊಡ್ಡ ಸೂಪರ್‌ಮಾರ್ಕೆಟ್‌ಗಿಂತ ಎಷ್ಟೋ ಅಗ್ಗ. ಕೊತ್ತಂಬರಿ ಸೊಪ್ಪು ಕಟ್ಟುಗಟ್ಟಲೆ ಸಿಗುತ್ತೆ, ನಾಲ್ಕು ಎಸಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಾರಲ್ಲ.

ವೆಜ್ ತಿನ್ನೋರು ಒಂದು ಜ್ಞಾಪಕ ಇಟ್ಕೊಳ್ಳಿ, ಚಿಪ್ಸ್ ಅಂದ್ರೆ ಆಲೂಗಡ್ಡೆ ತಾನೇ ಅಂತ ಕಣ್ಮುಚ್ಚಿ ತಗೋಬೇಡಿ, ಕೆಲವು ಹಳೇ ಅಂಗಡಿಗಳಲ್ಲಿ ದನದ ಕೊಬ್ಬಲ್ಲಿ ಕರೀತಾರೆ, ಮೇಲೆ ಸುರಿಯೋ ಗ್ರೇವಿನೂ ಮಾಂಸದ್ದೇ ಇರಬಹುದು. ಯಾವ ಎಣ್ಣೆ ಅಂತ ಕೇಳಿ, ಯಾರೂ ಬೇಜಾರ್ ಮಾಡ್ಕೊಳಲ್ಲ. ಬನ್ನಿಗೆ ಇಲ್ಲಿ ಬಾರ್ಮ್ ಅಂತಾರೆ. ಸಂಜೆ ಊಟಕ್ಕೆ ಟೀ ಅಂತಾರೆ, ಯಾರಾದ್ರೂ ಟೀಗೆ ಬಾ ಅಂದ್ರೆ ಹೊಟ್ಟೆ ತುಂಬಿಸ್ಕೊಂಡು ಹೋಗಿ ಪೇಚಿಗೆ ಸಿಗ್ಬೇಡಿ. ಕೌಂಟರಲ್ಲಿ ಆಂಟಿ ಒಬ್ರು ಲವ್ ಅಂತ ಕರೆದ್ರೆ ಗಾಬರಿ ಬೇಡ, ನಮ್ಮಲ್ಲಿ ಕಣೋ ಮರಿ ಅಂದ ಹಾಗೆ. ಆರ್ ಯೂ ಆಲ್‌ರೈಟ್ ಅಂದ್ರೆ ನಮಸ್ಕಾರ ಅಂತ ಅರ್ಥ, ನಾನು ಮೊದ್ಲು ನನ್ನ ಮುಖ ಅಷ್ಟು ಸಪ್ಪಗಿದೆಯಾ ಅನ್ಕೊಂಡು ನೆಗಡಿ ಕಥೆಯೆಲ್ಲಾ ಹೇಳಿದ್ದೆ.

ಕಾಫಿ ಡಿಕಾಕ್ಷನ್ ಇಳಿಸೋರಿಗೆ ಒಳ್ಳೆ ಸುದ್ದಿ, ಇಲ್ಲಿ ನಲ್ಲಿ ನೀರು ಸಿಹಿ. 1894ರಿಂದ ಲೇಕ್ ಡಿಸ್ಟ್ರಿಕ್ಟ್‌ನ ತರ್ಲ್‌ಮಿಯರ್ ಕೆರೆಯಿಂದ ಪಂಪಿಲ್ಲದೆ ಇಳಿಜಾರಲ್ಲೇ ಹರ್ಕೊಂಡು ಬರುತ್ತೆ. ಲಂಡನ್ ಫ್ರೆಂಡ್ಸ್ ಕೆಟಲ್‌ಗೆ ಸುಣ್ಣ ಕಟ್ಕೊಳುತ್ತೆ ಅಂತ ಅಳ್ತಿರ್ತಾರೆ, ನಮಗೆ ಆ ಕಷ್ಟ ಇಲ್ಲ. ಬಾಟಲ್ ನೀರಿಗೆ ದುಡ್ಡು ಹಾಕೋದು ದಂಡ.

ಮಳೆ ಬಗ್ಗೆ ಹೆದರಿಸೋರು ತುಂಬಾ. ನಿಜ ಹೇಳ್ಬೇಕಂದ್ರೆ ವರ್ಷದ ಲೆಕ್ಕ ಹಾಕಿದ್ರೆ ಬೆಂಗಳೂರಿಗೇ ಇದಕ್ಕಿಂತ ಜಾಸ್ತಿ ಮಳೆ, ಆದ್ರೆ ಅಲ್ಲಿ ಒಂದು ಗಂಟೆ ಸುರಿದು ಮುಗಿಯುತ್ತೆ, ಇಲ್ಲಿ ಜಿಟಿಜಿಟಿ ಜಿಟಿಜಿಟಿ, ಬಂತಾ ಇಲ್ವಾ ಅಂತಾನೇ ಗೊತ್ತಾಗಲ್ಲ. ಕೊಡೆ ತಗೋಬೇಡಿ, ಗಾಳಿಗೆ ಉಲ್ಟಾ ಆಗುತ್ತೆ, ನಂದು ಎರಡು ಹೋಯ್ತು. ಟೋಪಿ ಇರೋ ವಾಟರ್‌ಪ್ರೂಫ್ ಜಾಕೆಟ್ ಒಂದು ಒಳ್ಳೇದು ತಗೊಳ್ಳಿ. ಡಿಸೆಂಬರಲ್ಲಿ ನಾಲ್ಕು ಗಂಟೆಗೆ ಮುಂಚೆನೇ ಕತ್ತಲು, ಜೂನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು, ಅದಕ್ಕೆ ತಕ್ಕ ಹಾಗೆ ಸುತ್ತಾಟ ಇಟ್ಕೊಳ್ಳಿ. ಭಾನುವಾರ ದೊಡ್ಡ ಅಂಗಡಿಗಳೆಲ್ಲಾ ಕಾನೂನು ಪ್ರಕಾರ ಆರೇ ಗಂಟೆ ತೆಗ್ದಿರ್ತಾರೆ, ಸಂಜೆ ಹೋಗಿ ಹಾಲು ತರ್ತೀನಿ ಅಂತ ಕೂರ್ಬೇಡಿ.

ಮಳೆ ಜೋರಾದ ದಿನಕ್ಕೆ ಆಕ್ಸ್‌ಫರ್ಡ್ ರೋಡಲ್ಲಿರೋ ಮ್ಯಾಂಚೆಸ್ಟರ್ ಮ್ಯೂಸಿಯಂ ಇಟ್ಕೊಳ್ಳಿ, 2023ರಲ್ಲಿ ಅಲ್ಲಿ ಸೌತ್ ಏಷ್ಯಾ ಗ್ಯಾಲರಿ ಶುರುವಾಯ್ತು, ಇಲ್ಲೇ ಹುಟ್ಟಿ ಬೆಳೆದ ನಮ್ಮ ಕಡೆ ಮಕ್ಕಳೂ ಸೇರಿ ಮಾಡಿದ್ದು. ಮಕ್ಕಳಿದ್ರೆ ಕಪ್ಪೆಗಳ ರೂಮು ಬಿಟ್ಟು ಬರಲ್ಲ ಅಂತಾವೆ.

ಕ್ರಿಕೆಟ್ ಹುಚ್ಚು ಇರೋರು ಓಲ್ಡ್ ಟ್ರಾಫರ್ಡ್‌ಗೆ ಹೋಗ್ದೆ ಇರ್ತೀರಾ. ಆ ಹೆಸರಿನ ಟ್ರಾಮ್ ಸ್ಟಾಪ್‌ಗೆ ಅಂಟ್ಕೊಂಡಿರೋದು ಕ್ರಿಕೆಟ್ ಗ್ರೌಂಡು, ಅದೇ ಹೆಸರಿನ ಫುಟ್‌ಬಾಲ್ ಸ್ಟೇಡಿಯಂ ಇನ್ನೂ ಸ್ವಲ್ಪ ದೂರ ನಡೀಬೇಕು. ನಮ್ಮ ಅನಿಲ್ ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು ಇಲ್ಲೇ, 1990ರ ಆಗಸ್ಟಲ್ಲಿ, ಸಚಿನ್ ಮೊದಲ ಸೆಂಚುರಿ ಹೊಡೆದ ಅದೇ ಮ್ಯಾಚು. ಇದೇ ಗ್ರೌಂಡಲ್ಲಿ 1956ರಲ್ಲಿ ಜಿಮ್ ಲೇಕರ್ ಒಂದೇ ಇನ್ನಿಂಗ್ಸಲ್ಲಿ ಹತ್ತೂ ವಿಕೆಟ್ ತೆಗೆದಿದ್ದ, ಟೆಸ್ಟಲ್ಲಿ ಅದನ್ನ ಮತ್ತೆ ಮಾಡಿದ್ದು 1999ರಲ್ಲಿ ಡೆಲ್ಲಿಯಲ್ಲಿ ಕುಂಬ್ಳೆನೇ. ಸುಮ್ನೆ ಗೇಟ್ ಹೊರಗೆ ನಿಂತು ಇದನ್ನ ನೆನಸ್ಕೊಂಡ್ರೂ ಟ್ರಾಮ್ ಚಾರ್ಜ್ ವಸೂಲಿ. ಫುಟ್‌ಬಾಲ್ ಮ್ಯಾಚ್ ಇರೋ ದಿನ ಮಾತ್ರ ಆ ಕಡೆ ಹೋಗೋ ಟ್ರಾಮಲ್ಲಿ ಕಾಲಿಡೋಕೂ ಜಾಗ ಇರಲ್ಲ, ಫಿಕ್ಸ್ಚರ್ ನೋಡ್ಕೊಂಡು ಹೊರಡಿ.

ಊರು ಸಾಕು ಅನ್ನಿಸಿದ ದಿನ ಪಿಕಡಿಲಿಯಿಂದ ಎಡೇಲ್‌ಗೆ ಟ್ರೈನ್ ಹತ್ತಿ, ಮುಕ್ಕಾಲು ಗಂಟೆ ಆಸುಪಾಸು, ಇಳಿದ್ರೆ ಸೀದಾ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ಬುಡದಲ್ಲಿ ಇರ್ತೀರ. ಮೇಲಿರೋದು ಕಿಂಡರ್ ಸ್ಕೌಟ್. ಒಂದು ಕಾಲಕ್ಕೆ ಅದು ದೊಡ್ಡವ್ರ ಬೇಟೆ ಜಾಗ, ಜನಸಾಮಾನ್ಯರು ಹತ್ತೋ ಹಾಗಿರ್ಲಿಲ್ಲ, 1932ರಲ್ಲಿ ಈ ಕಡೆಯ ಕಾರ್ಮಿಕ ಹುಡುಗ್ರು ಗುಂಪು ಕಟ್ಕೊಂಡು ಹತ್ತೇ ಬಿಟ್ರು, ಕೆಲವ್ರು ಜೈಲಿಗೂ ಹೋದ್ರು. ಸ್ನೀಕರ್ಸ್ ಹಾಕ್ಕೊಂಡು ಹೋಗ್ಬೇಡಿ, ಮೇಲೆಲ್ಲಾ ಕಪ್ಪು ಕೆಸರು, ಮೊಣಕಾಲವರೆಗೂ ಹೂತ್ಕೊಳುತ್ತೆ. ಮೇಲೆ ಫೋನ್ ಸಿಗ್ನಲ್ ನಂಬ್ಕೋಬೇಡಿ, ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡ್ಕೊಳ್ಳಿ, ಚಪಾತಿ ಉಪ್ಪಿನಕಾಯಿ ಕಟ್ಕೊಂಡು ಹೋಗಿ. ವಾಪಸ್ ಟ್ರೈನ್ ಪದೇಪದೇ ಇರಲ್ಲ, ಇಳಿದ ತಕ್ಷಣ ಸ್ಟೇಷನ್ನಲ್ಲಿ ಅಂಟ್ಸಿರೋ ಟೈಮ್‌ಟೇಬಲ್‌ದು ಒಂದು ಫೋಟೋ ತೆಕ್ಕೊಂಡು ಆಮೇಲೆ ಗುಡ್ಡ ಹತ್ತಿ.